ತಮ್ಮ ಅಬುಧಾಬಿಗೆ ಹೊರಟಿದ್ದಾನೆ, ಎರಡು ವರ್ಷದ ಕಾಂಟ್ರಾಕ್ಟ್: ಹಣ ಕೊಡುವ ಮೊದಲು ಏನೇನು ನೋಡಬೇಕು?

ಶಿರ್ವದ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐಟಿಐ ಎಲೆಕ್ಟ್ರಿಷಿಯನ್, 24 ವರ್ಷ. ಮಂಗಳೂರಿನ ಒಬ್ಬ ಏಜೆಂಟ್ ಮೂಲಕ ಅಬುಧಾಬಿಯ ಮುಸಫಾದಲ್ಲಿ ಬಿಲ್ಡಿಂಗ್ ಮೈಂಟೆನೆನ್ಸ್ ಕೆಲಸ ಅಂತ ಮಾತಾಗಿದೆ. ಸಂಬಳ 1,800 ದಿರ್ಹಮ್, ರೂಮು ಕಂಪನಿಯದ್ದು, ಊಟ ಅವನದ್ದೇ. ಏಜೆಂಟ್ 90,000 ರೂಪಾಯಿ ಕೇಳ್ತಾರೆ, ಅದೂ ನಗದು. ರಶೀದಿ ಕೊಡ್ಲಿಕ್ಕೆ ಆಗುವುದಿಲ್ಲವಂತೆ. ಸೊಸೈಟಿಯಲ್ಲಿ ಅಮ್ಮನ ಚಿನ್ನ ಇಟ್ಟು ಕೊಡುವ ಅಂತ ಮನೆಯಲ್ಲಿ ಮಾತು.

ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕು ಎಂಬ ಗುರುತು) ಅಂತ ಉಂಟು, ಆದರೆ ಅವನು ಎಸ್ಸೆಸ್ಸೆಲ್ಸಿ ಪಾಸ್. "ವಿಸಿಟ್ ವಿಸಾದಲ್ಲಿ ಬೇಗ ಕಳಿಸ್ತೇನೆ, ಅಲ್ಲಿ ಹೋದ ಮೇಲೆ ಕೆಲಸದ ವಿಸಾ ಮಾಡಿಸ್ತಾರೆ" ಅಂತ ಏಜೆಂಟ್ ಹೇಳಿದ್ದಾರೆ. ಇದು ಸರಿ ಉಂಟಾ? ಸಂಬಳದ ಕಾಗದದಲ್ಲಿ ಎಂತ ನೋಡಬೇಕು? ಅವನ ಬ್ಯಾಂಕ್ ಖಾತೆ, ಸಿಮ್ಮು ಏನು ಮಾಡಬೇಕು? ಅಮ್ಮ ದಿನಾ ಅವನ ಮುಖ ನೋಡಿ ಮಾತಾಡ್ಬೇಕು ಅಂತಾರೆ, ವಾಟ್ಸಾಪ್ ಕಾಲ್ ಹೋಗುವುದಿಲ್ಲ ಅಂತ ಕೇಳಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

---

ಬಜಪೆ ಕಡೆಯವ:

ಅಕ್ಕಾ, ಮೊದಲು ಚಿನ್ನ ಇಡುವುದು ನಿಲ್ಲಿಸಿ. ಉಳಿದದ್ದು ಆಮೇಲೆ.

ನಮ್ಮ ದೇಶದ ಎಮಿಗ್ರೇಷನ್ ನಿಯಮದಲ್ಲಿ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 35,400. ರಶೀದಿ ಕೊಡಲೇಬೇಕು. 90,000 ನಗದು, ರಶೀದಿ ಇಲ್ಲ ಅಂದರೆ ಅಲ್ಲಿಗೇ ಅವರು ನಿಯಮದ ಹೊರಗೆ ಇದ್ದಾರೆ ಅಂತಾಯಿತು. ಯುಎಇ ಕಾನೂನಿನ ಪ್ರಕಾರವಂತೂ ನೇಮಕಾತಿಯ ಖರ್ಚು ಕಂಪನಿಯೇ ಹೊರಬೇಕು, ಕೆಲಸಗಾರನ ಮೇಲೆ ಹಾಕುವ ಹಾಗಿಲ್ಲ.

ಏಜೆಂಟಿನ ಲೈಸೆನ್ಸ್ ನೋಡಲು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟಿಗೆ ಹೋಗಿ. ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಇಲ್ಲವೇ, ಎಲ್ಲ ಉಂಟು. ಆಫೀಸಿನ ಗೋಡೆಗೆ ಫ್ರೇಮ್ ಹಾಕಿ ನೇತುಹಾಕಿದ ಕಾಗದ ನಂಬಬೇಡಿ, ಅವಧಿ ಮುಗಿದದ್ದೂ ಅಲ್ಲಿಯೇ ನೇತಾಡುತ್ತಿರುತ್ತದೆ. "ನಾವು ಮುಂಬೈಯ ಇಂಥವರ ಸಬ್ ಏಜೆಂಟ್" ಅಂದರೆ ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಲೈಸೆನ್ಸ್ ಇದ್ದವರ ಬ್ಯಾಂಕ್ ಖಾತೆಗೇ ಹಣ ಹೋಗಬೇಕು.

ವಿಸಿಟ್ ವಿಸಾದ ಮಾತಿಗೆ ಒಪ್ಪಲೇಬೇಡಿ. ವಿಸಿಟ್ ವಿಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಕಂಪನಿ ವಿಸಾ ಬದಲಾಯಿಸದೆ ದಿನ ತಳ್ಳಿದರೆ ಅವಧಿ ಮೀರಿದ ಪ್ರತಿ ದಿನಕ್ಕೂ 50 ದಿರ್ಹಮ್ ದಂಡ ಏರುತ್ತಾ ಹೋಗುತ್ತದೆ. ದುಡಿದದ್ದಕ್ಕೆ ಸಂಬಳ ಕೇಳುವಾಗ ಕೈಯಲ್ಲಿ ಕಾಂಟ್ರಾಕ್ಟೇ ಇರುವುದಿಲ್ಲ. ಅದೂ ಇಸಿಆರ್ ಪಾಸ್‌ಪೋರ್ಟ್ ಹಿಡಿದು ಹೊರಟರೆ ಇಲ್ಲಿಯ ಇಮಿಗ್ರೇಷನ್ ಕೌಂಟರಿನಲ್ಲೇ ನಿಲ್ಲಿಸಿ ವಾಪಸ್ ಕಳಿಸುವ ಸಾಧ್ಯತೆ ಉಂಟು. ಟಿಕೆಟ್ ಹಣ ಹೋಯಿತು, ಏಜೆಂಟಿನ ಫೋನು ಸ್ವಿಚ್ ಆಫ್.

ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇಸಿಆರ್ ಇರಬೇಕಾಗಿಯೇ ಇಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಮಾರ್ಕ್ಸ್ ಕಾರ್ಡ್ ಕೊಟ್ಟಿರಲಿಕ್ಕಿಲ್ಲ, ಅಷ್ಟೆ. ರೀ-ಇಶ್ಯೂಗೆ ಅರ್ಜಿ ಹಾಕಿ, ಕಾರಣದಲ್ಲಿ ಇಸಿಆರ್ ತೆಗೆಯುವುದು ಅಂತ ಆರಿಸಿ, 36 ಪುಟದ್ದಕ್ಕೆ 1,500 ರೂಪಾಯಿ ಕಟ್ಟಿ. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಮೂಲ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಹೋಗಬೇಕು. ಆದರೆ ಪಾಸ್‌ಪೋರ್ಟ್ ನಂಬರು ಬದಲಾಗುತ್ತದೆ. ಹಾಗಾಗಿ ವಿಸಾಕ್ಕೆ ಕಾಗದ ಕೊಡುವ ಮೊದಲೇ ಈ ಕೆಲಸ ಮುಗಿಸಿ. ಹಳೆ ನಂಬರಿನಲ್ಲಿ ಪರ್ಮಿಟ್ ಬಂದರೆ ಮತ್ತೆ ಮೊದಲಿಂದ ಓಡಾಟ.

ಯಾವುದೋ ಕಾರಣಕ್ಕೆ ಇಸಿಆರ್‌ನಲ್ಲೇ ಹೋಗುವುದಾದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷದ ರಕ್ಷಣೆ.

ಇನ್ನೊಂದು: ಹಣ ಕೊಡುವ ಮೊದಲು ಊರಲ್ಲೇ ಒಂದು ಎದೆ ಎಕ್ಸ್‌ರೇ ತೆಗೆಸಿ. ಅಲ್ಲಿಗೆ ಹೋದ ಮೇಲೆ ರೆಸಿಡೆನ್ಸಿಗೆ (ಅಲ್ಲಿ ವಾಸಿಸುವ ಪರವಾನಗಿಗೆ) ಮೆಡಿಕಲ್ ಆಗುತ್ತದೆ, ರಕ್ತ ಮತ್ತು ಎಕ್ಸ್‌ರೇ. ಯಾವತ್ತೋ ಗುಣವಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಕಂಡರೂ ತೊಡಕಾಗುತ್ತದೆ. ಅದು ಇಲ್ಲೇ ಗೊತ್ತಾದರೆ ಖರ್ಚು ಕೆಲವು ನೂರು ರೂಪಾಯಿ, ಅಲ್ಲಿ ಗೊತ್ತಾದರೆ ಇಡೀ ಪ್ರಯಾಣವೇ ನಷ್ಟ.

---

ಮುಸಫಾ ಲೇಬರ್ ಲೆಕ್ಕ:

ಸಂಬಳದ ಬಗ್ಗೆ ನಾನು ಹೇಳುತ್ತೇನೆ. "1,800" ಅಂತ ಹೇಳಿದ್ದು ಸಾಕಾಗುವುದಿಲ್ಲ. ಅದರಲ್ಲಿ ಬೇಸಿಕ್ ಎಷ್ಟು, ಅಲೊವೆನ್ಸ್ ಎಷ್ಟು? ಅದನ್ನು ಕೇಳಿದ್ದೀರಾ?

---

ಶಿರ್ವದ ಅಕ್ಕ:

ಈಗ ಫೋನು ಮಾಡಿ ಕೇಳಿದೆ ಅಣ್ಣಾ. ಬೇಸಿಕ್ 800, ಉಳಿದ 1,000 ಅಲೊವೆನ್ಸ್ ಅಂತೆ. "ಕೈಗೆ ಬರುವುದು ಒಂದೇ ಅಲ್ವಾ" ಅಂದರು.

---

ಮುಸಫಾ ಲೇಬರ್ ಲೆಕ್ಕ:

ಒಂದೇ ಅಲ್ಲ. ಓವರ್‌ಟೈಮ್, ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು), ಉಳಿದ ರಜೆಯ ಹಣ, ಮೂರೂ ಬೇಸಿಕ್ ಮೇಲೆಯೇ ಲೆಕ್ಕ. ಕಂಪನಿಗಳು ಬೇಸಿಕ್ ಇಳಿಸಿ ಅಲೊವೆನ್ಸ್ ಏರಿಸುವುದು ಅದಕ್ಕೇ.

ಲೆಕ್ಕ ನೋಡಿ. ಬೇಸಿಕ್ 800 ಆದರೆ ಅದನ್ನು 30ರಿಂದ ಭಾಗಿಸಿ, ಮತ್ತೆ 8ರಿಂದ ಭಾಗಿಸಿದರೆ ಗಂಟೆಗೆ 3.33 ದಿರ್ಹಮ್. ಹಗಲಿನ ಓವರ್‌ಟೈಮಿಗೆ 25% ಹೆಚ್ಚು, ಅಂದರೆ 4.17. ದಿನಕ್ಕೆ 2 ಗಂಟೆಯಂತೆ 26 ದಿನ ಮಾಡಿದರೆ 52 ಗಂಟೆ, ಸುಮಾರು 217 ದಿರ್ಹಮ್. ಅದೇ 1,800ರಲ್ಲಿ ಬೇಸಿಕ್ 1,200 ಇದ್ದರೆ ಓವರ್‌ಟೈಮ್ ಗಂಟೆಗೆ 6.25, ತಿಂಗಳಿಗೆ 325. ಒಂದೇ ಕೆಲಸ, ಒಂದೇ ಬಿಸಿಲು, ತಿಂಗಳಿಗೆ 108 ದಿರ್ಹಮ್ ವ್ಯತ್ಯಾಸ. ರಾತ್ರಿ 10ರಿಂದ ಬೆಳಿಗ್ಗೆ 4ರ ನಡುವಿನ ಓವರ್‌ಟೈಮಿಗೆ 25 ಅಲ್ಲ, 50% ಹೆಚ್ಚು ಸಿಗಬೇಕು. ಶಿಫ್ಟ್ ಕೆಲಸದವರಿಗೆ ಮಾತ್ರ ಈ ರಾತ್ರಿಯ ದರ ಅನ್ವಯಿಸುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ಮಾಮೂಲಿ ಕೆಲಸದ ಸಮಯ ದಿನಕ್ಕೆ 8 ಗಂಟೆ, ವಾರಕ್ಕೆ 48.

ಗ್ರಾಚ್ಯುಯಿಟಿ: ಒಂದು ವರ್ಷ ತುಂಬಿದ ಮೇಲೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ಬೇಸಿಕ್. 800ಕ್ಕೆ ಎರಡು ವರ್ಷದ್ದು ಸುಮಾರು 1,120 ದಿರ್ಹಮ್, 1,200ಕ್ಕೆ ಸುಮಾರು 1,680. ಓವರ್‌ಟೈಮಿನ ವ್ಯತ್ಯಾಸವನ್ನೂ ಸೇರಿಸಿದರೆ ಎರಡು ವರ್ಷಕ್ಕೆ 3,000 ದಿರ್ಹಮಿಗೂ ಹೆಚ್ಚು. ಅವನ ಒಂದೂವರೆ ತಿಂಗಳ ಸಂಬಳಕ್ಕಿಂತ ಜಾಸ್ತಿ ಹಣ ಒಂದು ಸಾಲಿನಲ್ಲಿ ಹೋಗುತ್ತದೆ. ಹಾಗಾಗಿ ಒಟ್ಟು ಮೊತ್ತ ಏರಿಸಿ ಅಂತ ಚರ್ಚೆ ಮಾಡುವುದಕ್ಕಿಂತ ಬೇಸಿಕ್ ಏರಿಸಿ ಅಂತ ಕೇಳಿ. ಇಲ್ಲಿ ಕೂತೇ ಕೇಳಬೇಕು. ಅಲ್ಲಿಗೆ ಹೋಗಿ ಇಳಿದ ಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಕಾಗದದ ಕ್ರಮ ಹೀಗೆ. ಮೊದಲು ಬರಬೇಕಾದದ್ದು ಯುಎಇ ಕಾರ್ಮಿಕ ಸಚಿವಾಲಯದ, ಅಂದರೆ ಮೊಹ್ರೆಯ ಆಫರ್ ಲೆಟರ್. ಕಂಪನಿಯ ಲೆಟರ್‌ಹೆಡ್ಡಿನ ಕಾಗದ ಅದಕ್ಕೆ ಬದಲಿ ಅಲ್ಲ. ಮೊಹ್ರೆ ಆಫರಿನಲ್ಲಿ ಟ್ರಾನ್ಸಾಕ್ಷನ್ ನಂಬರ್ ಇರುತ್ತದೆ, ಅವರ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂನಂಥ ಮೂರನೆಯ ಭಾಷೆಯಲ್ಲೂ ಕೇಳಬಹುದು. ಕನ್ನಡ ಇಲ್ಲ. ಓದಲು ಬರುವ ಭಾಷೆಯಲ್ಲಿ ತರಿಸಿಕೊಂಡು ಹುದ್ದೆ, ಬೇಸಿಕ್, ಅಲೊವೆನ್ಸ್, ವಾರದ ರಜೆ, ಪ್ರೊಬೇಷನ್ (ಪರೀಕ್ಷಾ ಅವಧಿ) ಓದಿಯೇ ಸಹಿ ಹಾಕಲಿ. ಹುದ್ದೆ "ಎಲೆಕ್ಟ್ರಿಷಿಯನ್" ಅಂತಲೇ ಇರಬೇಕು. "ಹೆಲ್ಪರ್" ಅಂತ ಇದ್ದರೆ ಮುಂದೆ ಬೇರೆ ಕಂಪನಿಗೆ ಹೋಗುವಾಗ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಗೆ ಹೋದ ಮೇಲೆ ಸಹಿ ಮಾಡಿಸುವ ಕಾಂಟ್ರಾಕ್ಟ್ ಈ ಆಫರಿಗಿಂತ ಕಡಿಮೆ ಆಗುವ ಹಾಗಿಲ್ಲ.

ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇರಕೂಡದು. ಅದರ ನಡುವೆ ಬಿಟ್ಟು ಊರಿಗೆ ಬರುವುದಾದರೆ 14 ದಿನದ ನೋಟಿಸ್, ಅಲ್ಲೇ ಬೇರೆ ಕಂಪನಿಗೆ ಸೇರುವುದಾದರೆ ಒಂದು ತಿಂಗಳು, ಮತ್ತು ಹೊಸ ಕಂಪನಿ ಹಳೆಯದಕ್ಕೆ ನೇಮಕಾತಿ ಖರ್ಚು ಕೊಡಬೇಕಾಗುತ್ತದೆ.

ಹೋದ ಮೇಲೆ ಮರೆಯಬಾರದ ಸಣ್ಣ ವಿಷಯ: ಕೆಲಸ ಹೋದಾಗಿನ ವಿಮೆ, ಐಲೋ ಅಂತಾರೆ. 2023ರ ಜನವರಿಯಿಂದ ಕಡ್ಡಾಯ. ಅವನ ಮಟ್ಟದ ಬೇಸಿಕ್‌ಗೆ ತಿಂಗಳಿಗೆ 5 ದಿರ್ಹಮ್, ಕೆಲಸಗಾರನೇ ಕಟ್ಟಬೇಕು. ಮಾಡಿಸದಿದ್ದರೆ 400 ದಿರ್ಹಮ್ ದಂಡ. ಕಂಪನಿ ಮಾಡಿಸಿರಬಹುದು ಅಂತ ಸುಮ್ಮನೆ ಕೂತವರಿಗೇ ದಂಡ ಬೀಳುವುದು. 12 ತಿಂಗಳು ಕಟ್ಟಿದ ಮೇಲೆ ತನ್ನ ತಪ್ಪಿಲ್ಲದೆ ಕೆಲಸ ಹೋದರೆ ಬೇಸಿಕ್‌ನ 60%, ಗರಿಷ್ಠ ಮೂರು ತಿಂಗಳು ಸಿಗುತ್ತದೆ.

---

ಉಡುಪಿ ಪಾಸ್‌ಬುಕ್:

ಬ್ಯಾಂಕಿನ ವಿಷಯ. ಕೆಲಸಕ್ಕೆ ಅಂತ ದೇಶ ಬಿಟ್ಟರೆ ವಿದೇಶಿ ವಿನಿಮಯದ ಫೆಮಾ ಕಾನೂನಿನಲ್ಲಿ ಅವನು ಅನಿವಾಸಿ. ಈಗಿರುವ ಮಾಮೂಲಿ ಎಸ್‌ಬಿ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಒ ಆಗಿ ಬದಲಾಯಿಸಬೇಕು. ಅದರ ಜೊತೆಗೆ ಒಂದು ಎನ್‌ಆರ್‌ಇ ಖಾತೆ ತೆರೆಯಿರಿ. ವ್ಯತ್ಯಾಸ ಇಷ್ಟೇ: ಅಲ್ಲಿ ದುಡಿದು ಕಳಿಸುವ ಹಣ ಎನ್‌ಆರ್‌ಇಗೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ವಾಪಸ್ ಹೊರದೇಶಕ್ಕೆ ಒಯ್ಯಬಹುದು. ಊರಲ್ಲಿ ಹುಟ್ಟುವ ಆದಾಯ, ಬಾಡಿಗೆ ಇತ್ಯಾದಿ ಎನ್‌ಆರ್‌ಒಗೆ, ಅದರ ಬಡ್ಡಿಗೆ 30% ಮತ್ತು ಸೆಸ್ ಸೇರಿ ಟಿಡಿಎಸ್ ಕಡಿತ. ಹಾಗಾಗಿ ಉಳಿತಾಯದ ಎಫ್‌ಡಿಯನ್ನು ಎನ್‌ಆರ್‌ಒದಲ್ಲಿ ಇಡಬಾರದು.

ವಿಸಾ ಪ್ರತಿ ಕೈಗೆ ಬಂದ ಮೇಲೆ, ಊರಲ್ಲಿರುವಾಗಲೇ ಶಾಖೆಗೆ ಹೋಗಿ ಅರ್ಜಿ ಕೊಡಿ. ಪಾಸ್‌ಪೋರ್ಟ್, ವಿಸಾ, ಪ್ಯಾನ್, ಫೋಟೋ ಸಾಕಾಗಬಹುದು. ಹೋದ ಮೇಲೆ ಅಲ್ಲಿಂದ ಕಾಗದ ಅಟೆಸ್ಟ್ ಮಾಡಿಸಿ ಕಳಿಸುವುದೆಂದರೆ ಕೆಲಸದ ದಿನದ ಸಂಬಳವೇ ಹೋಗುತ್ತದೆ. ಅದೇ ದಿನ ಅಮ್ಮನಿಗೋ ನಿಮಗೋ ಖಾತೆ ನಡೆಸುವ ಮ್ಯಾಂಡೇಟ್ ಬರೆಸಿ, ನಾಮಿನಿ ಹಾಕಿಸಿ.

ಮನೆ ಖರ್ಚಿನ ಹಣವನ್ನು ನೇರವಾಗಿ ಅಮ್ಮನ ಖಾತೆಗೇ ಕಳಿಸಬಹುದು, ಮಗ ತಾಯಿಗೆ ಕೊಟ್ಟ ಹಣಕ್ಕೆ ತೆರಿಗೆ ಬರುವುದಿಲ್ಲ. ಆದರೆ ಎಲ್ಲವನ್ನೂ ಅಲ್ಲಿಗೇ ಹಾಕುವುದು ಬೇಡ. ಖರ್ಚಿನದ್ದು ಅಮ್ಮನಿಗೆ, ಉಳಿತಾಯದ್ದು ಅವನ ಎನ್‌ಆರ್‌ಇಗೆ ಅಂತ ಮೊದಲ ತಿಂಗಳೇ ಬೇರೆ ಮಾಡಿ. ಎರಡು ವರ್ಷ ಕಳೆದು ಬಂದಾಗ "ಹಣ ಎಲ್ಲಿ ಹೋಯಿತು" ಅಂತ ಅಣ್ಣ-ತಮ್ಮಂದಿರ ನಡುವೆ ಮುನಿಸು ಬರುವುದು ಒಂದೇ ಖಾತೆಗೆ ಎಲ್ಲ ಸುರಿದಾಗಲೇ.

ಕಳಿಸುವಾಗ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಬರೆದ ದರ ಒಂದನ್ನೇ ನೋಡಬಾರದು. "ಶುಲ್ಕ ಕಳೆದು ಅಮ್ಮನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ" ಅಂತ ಕೇಳಬೇಕು. ಶುಲ್ಕ ಪ್ರತಿ ಸಲಕ್ಕೂ ಇರುವುದರಿಂದ ವಾರವಾರ ಇನ್ನೂರು ಇನ್ನೂರು ಕಳಿಸುವುದಕ್ಕಿಂತ ತಿಂಗಳಿಗೆ ಒಮ್ಮೆ ಕಳಿಸುವುದು ಲಾಭ. ರೂಮಿನಲ್ಲಿ ಯಾರಾದರೂ "ಒಳ್ಳೆ ರೇಟ್ ಕೊಡ್ತೇನೆ, ಸಂಜೆಯೊಳಗೆ ಮನೆಗೆ ಹಣ ತಲುಪಿಸ್ತೇನೆ" ಅಂದರೆ ಅದು ಹವಾಲಾ. ಹಣ ಹೋದರೆ ದೂರು ಕೊಡುವಂತಿಲ್ಲ. ಎಲ್ಲಿಂದಲೋ ಬಂದ ವಂಚನೆಯ ಹಣ ಅಮ್ಮನ ಖಾತೆಗೆ ಬಿದ್ದರೆ ಪೊಲೀಸರು ಖಾತೆಯನ್ನೇ ಫ್ರೀಜ್ ಮಾಡಿಸುತ್ತಾರೆ.

ಊರಿನ ಸಿಮ್ಮನ್ನು ಸಾಯಲು ಬಿಡಬೇಡಿ. ಬ್ಯಾಂಕ್, ಆಧಾರ್ ಒಟಿಪಿ ಎಲ್ಲ ಅದಕ್ಕೇ ಬರುವುದು. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಇಡಲಿ, ಕನಿಷ್ಠ ರೀಚಾರ್ಜ್ ನೀವು ಇಲ್ಲಿಂದಲೇ ಮಾಡುತ್ತಿರಿ. ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ಯುಎಇ ನಂಬರನ್ನೇ ಕೊಟ್ಟು ಯುಪಿಐ ಮಾಡಲಿಕ್ಕೂ ಈಗ ಅವಕಾಶ ಉಂಟು, ನಿಮ್ಮ ಬ್ಯಾಂಕ್ ಕೊಡುತ್ತದೆಯೇ ಕೇಳಿ.

---

ಕಲ್ಯಾಣಪುರ ರೂಮ್‌ಮೇಟ್:

ಸೂಟ್‌ಕೇಸ್ ಮತ್ತು ದಿನನಿತ್ಯದ್ದು ನಾನು ಹೇಳುತ್ತೇನೆ, ನಮ್ಮ ಕಡೆಯವರಿಗೆ ತೊಂದರೆ ಆಗುವುದು ಇಲ್ಲೇ.

ಗಸಗಸೆ ಒಂದು ಚಿಟಿಕೆಯೂ ಬೇಡ. ಯುಎಇಯಲ್ಲಿ ಅದು ನಿಷೇಧಿತ ವಸ್ತು, ಮಾದಕದ ಲೆಕ್ಕದಲ್ಲಿ ಬರುತ್ತದೆ. ಪಾಯಸಕ್ಕೆ ಅಂತ ಪೊಟ್ಟಣ ಕಟ್ಟದಿದ್ದರೂ ಮನೆಯ ಕೋಳಿ ಮಸಾಲೆ ಹುಡಿಗೆ ಹುರಿದು ಸೇರಿಸಿರಬಹುದು. ಹಾಗಾಗಿ ಅವನಿಗೆ ಕಳಿಸುವ ಹುಡಿ ಬೇರೆಯೇ ಮಾಡಿ. ವೀಳ್ಯದೆಲೆ, ಗುಟ್ಕಾ ಕೂಡ ಬೇಡ. ಒಣ ಕೊಬ್ಬರಿ ಮತ್ತು ಕರ್ಪೂರ ಬೆಂಕಿ ಹಿಡಿಯುವ ವಸ್ತುಗಳು, ವಿಮಾನಕ್ಕೆ ಹಾಕುವ ಹಾಗಿಲ್ಲ, ಬಜಪೆ ವಿಮಾನ ನಿಲ್ದಾಣದಲ್ಲೇ ಪೆಟ್ಟಿಗೆ ಬಿಚ್ಚಿಸುತ್ತಾರೆ. ತೆಂಗಿನಕಾಯಿ ಹೇಗೂ ಅಲ್ಲಿ ಸಿಗುತ್ತದೆ, ತುರಿದು ಫ್ರೀಜ್ ಮಾಡಿದ್ದೂ ಸಿಗುತ್ತದೆ. ಒಯ್ಯಲು ಯೋಗ್ಯವಾದದ್ದು ಸಾರಿನ ಹುಡಿ, ಮೀನಿನ ಮಸಾಲೆ, ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ ಸಿಪ್ಪೆ. ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿನಲ್ಲಿ, ಎರಡು ಪ್ಲಾಸ್ಟಿಕ್ ಸುತ್ತಿ.

ಮಾತ್ರೆ: ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಅಲ್ಲಿ ನಿಯಂತ್ರಿತ ಔಷಧ, ಮೊದಲೇ ಅನುಮತಿ ಬೇಕು. ಉಳಿದದ್ದಕ್ಕೂ ಡಾಕ್ಟರರ ಚೀಟಿ ಜೊತೆಯಲ್ಲಿರಲಿ, ಮಾತ್ರೆ ಅದರದ್ದೇ ಸ್ಟ್ರಿಪ್ಪಿನಲ್ಲಿರಲಿ. ಬಿಡಿಸಿ ಡಬ್ಬಿಗೆ ಹಾಕಬೇಡಿ. ಪಕ್ಕದ ಮನೆಯವರು "ನಮ್ಮ ಹುಡುಗನಿಗೆ ಇದೊಂದು ಕೊಡಿ" ಅಂತ ತಂದ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಕೂಡದು, ಎಷ್ಟೇ ಬೇಕಾದವರಾದರೂ.

ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್ ಚೆಕ್-ಇನ್‌ನಲ್ಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಅಲ್ಲಿಯ ಸಾಕೆಟ್ ಚೌಕ ಮೂರು ಪಿನ್ನಿನದ್ದು, ಒಂದು ಅಡಾಪ್ಟರ್ ಇಲ್ಲಿಂದಲೇ ಹೋಗಲಿ. ಎಲೆಕ್ಟ್ರಿಷಿಯನ್ ಆದ್ದರಿಂದ ಇದನ್ನು ಅವನಿಗೆ ಓದಿ ಹೇಳಿ: ಹಳೆ ಬ್ರಿಟಿಷ್ ಪದ್ಧತಿಯ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಫೇಸ್, ಕಪ್ಪು ನ್ಯೂಟ್ರಲ್. ಹೊಸ ಪದ್ಧತಿಯಲ್ಲಿ ಕಂದು, ಕಪ್ಪು, ಬೂದು ಫೇಸ್, ನೀಲಿ ನ್ಯೂಟ್ರಲ್. ನೀಲಿ, ಕಪ್ಪು ಎರಡೂ ಅದಲು ಬದಲು. ಮೈಂಟೆನೆನ್ಸ್ ಕೆಲಸದಲ್ಲಿ ಎರಡೂ ಪದ್ಧತಿ ಒಂದೇ ಪ್ಯಾನೆಲಿನಲ್ಲಿ ಎದುರಾಗಬಹುದು. ಬಣ್ಣ ನೋಡಿ ಕೈ ಹಾಕದೆ, ಐಸೊಲೇಟ್ ಮಾಡಿ ಲಾಕ್ ಹಾಕಿ, ಮೀಟರಿನಲ್ಲಿ ನೋಡಿಯೇ ಮುಟ್ಟಬೇಕು.

ಅಮ್ಮನ ವಿಡಿಯೋ ಕಾಲ್: ವಾಟ್ಸಾಪಿನಲ್ಲಿ ಮೆಸೇಜು, ಫೋಟೋ, ವಾಯ್ಸ್ ನೋಟ್ ಎಲ್ಲ ಹೋಗುತ್ತದೆ, ಕಾಲ್ ಮಾತ್ರ ಅಲ್ಲಿ ಬ್ಲಾಕ್. ಅಲ್ಲಿಯವರು ಬೋಟಿಮ್ ಆ್ಯಪ್ ಬಳಸುತ್ತಾರೆ. ಅಮ್ಮನ ಫೋನಿಗೆ ಅದನ್ನು ಅವನು ಹೊರಡುವ ಮೊದಲೇ ಹಾಕಿ, ಪಕ್ಕದ ಕೋಣೆಯಿಂದ ಕಾಲ್ ಮಾಡಿ ಎತ್ತಲು ಕಲಿಸಿ. ವಿಪಿಎನ್ ಹಾಕಿ ವಾಟ್ಸಾಪ್ ಕಾಲ್ ಮಾಡುವ ಸಲಹೆ ರೂಮಿನಲ್ಲಿ ಸಿಗುತ್ತದೆ, ಕೇಳಬಾರದು. ವಿಪಿಎನ್ ಬಳಸಿ ಕಾನೂನು ಮುರಿದರೆ ಅಲ್ಲಿ ದಂಡ 5 ಲಕ್ಷ ದಿರ್ಹಮಿನಿಂದ ಶುರು. ಅಬುಧಾಬಿ ನಮಗಿಂತ ಒಂದೂವರೆ ಗಂಟೆ ಹಿಂದೆ, ನಿಮ್ಮ ರಾತ್ರಿ 9:30 ಅಂದರೆ ಅವನ 8 ಗಂಟೆ. ಅವನು ಸ್ನಾನ ಮುಗಿಸಿ ಅನ್ನಕ್ಕೆ ಇಡುವ ಹೊತ್ತು ಅದು. ಅಮ್ಮ ಮಲಗುವ ಮೊದಲಿನ ಆ ಅರ್ಧ ಗಂಟೆಯನ್ನೇ ನಿಗದಿ ಮಾಡಿ. ಒಂದು ದಿನ ಕಾಲ್ ಬರದಿದ್ದರೆ ಕಂಗಾಲಾಗಬೇಡಿ ಅಂತ ಅಮ್ಮನಿಗೆ ಮೊದಲೇ ಹೇಳಿ, ಓವರ್‌ಟೈಮ್ ಇದ್ದ ದಿನ ಬಸ್ಸು ಕ್ಯಾಂಪಿಗೆ (ಕೆಲಸಗಾರರ ವಸತಿಗೆ) ತಲುಪುವುದೇ ತಡ.

ಊಟ: ಕುಚ್ಚಲಕ್ಕಿ ಅಲ್ಲಿಯ ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತದೆ, ಹೊತ್ತುಕೊಂಡು ಹೋಗಬೇಕಾಗಿಲ್ಲ. ತೊಂದರೆ ಇರುವುದು ಒಲೆಯದ್ದು. ಕ್ಯಾಂಪಿನ ಅಡುಗೆಮನೆಯಲ್ಲಿ ಸರದಿ, ಮುಕ್ಕಾಲು ಗಂಟೆ ಒಲೆ ಹಿಡಿದು ನಿಂತರೆ ಹಿಂದಿನವರು ಬೈಯುತ್ತಾರೆ. ಅದಕ್ಕೆ ಥರ್ಮಲ್ ಕುಕ್ಕರ್ ಒಳ್ಳೆಯದು. ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಅನ್ನ ಬೆಂದಿರುತ್ತದೆ. ಬೆಳಿಗ್ಗೆ ಇಟ್ಟು ರಾತ್ರಿ ತೆಗೆಯುವ ಆಸೆ ಬೇಡ, ಒಳಗೆ ನಿಧಾನ ಬಿಸಿ ಇಳಿದು ಅನ್ನ ಹುಳಿಯಾಗುತ್ತದೆ. ಬೆಂದ ಕೂಡಲೇ ತಿಳಿ ಬಸಿಯಬೇಕು.

ಬಿಸಿಲು: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆದರೆ ಮೈಂಟೆನೆನ್ಸ್‌ನವರು ಟೆರೇಸಿನ ಪಂಪ್ ರೂಮು, ಎಸಿ ಡಕ್ಟ್ ಅಂತ ಒಳಗೇ ಬೇಯುವುದು ಹೆಚ್ಚು. ಬಾಯಾರಿದಾಗ ಕುಡಿಯುವುದಲ್ಲ, ಹೊತ್ತಿಗೆ ಕುಡಿಯಬೇಕು. ಮೂತ್ರ ಗಾಢ ಹಳದಿ ಆದರೆ ನೀರು ಸಾಲದು ಅಂತಲೇ ಅರ್ಥ, ಹೀಗೇ ತಿಂಗಳುಗಟ್ಟಲೆ ನಡೆದರೆ ಮೂತ್ರಪಿಂಡದ ಕಲ್ಲು. ಒಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿ.ಲೀ.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಕಲಸಿ ಕುಡಿದರೆ ಉಪ್ಪು ಜಾಸ್ತಿಯಾಗಿ ವಾಂತಿ ಬರುತ್ತದೆ, ದಾಹವೂ ಏರುತ್ತದೆ.

---

ಶಿರ್ವದ ಅಕ್ಕ:

ಎಲ್ಲರಿಗೂ ತುಂಬ ಧನ್ಯವಾದ. ಪಾಸ್‌ಪೋರ್ಟ್ ರೀ-ಇಶ್ಯೂಗೆ ಅರ್ಜಿ ಹಾಕ್ತೇವೆ, ಮೊಹ್ರೆ ಆಫರ್ ಬರುವ ತನಕ ಹಣ ಇಲ್ಲ ಅಂತ ಏಜೆಂಟಿಗೆ ಹೇಳ್ತೇನೆ. ಕೊನೆಗೊಂದು: ಹೋದ ಮೇಲೆ ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರೆ ಇಲ್ಲಿಂದ ನಾವು ಎಂತ ಮಾಡ್ಲಿಕ್ಕೆ ಆಗ್ತದೆ?

---

ಮುಸಫಾ ಲೇಬರ್ ಲೆಕ್ಕ:

ಪಾಸ್‌ಪೋರ್ಟ್ ಕಂಪನಿ ಇಟ್ಟುಕೊಳ್ಳುವುದು ಅಲ್ಲಿಯ ಕಾನೂನಿನಲ್ಲೇ ತಪ್ಪು. ಸುರಕ್ಷೆಗೆ ಅಂತ ಕೇಳಿದರೂ ಕೊಡಬೇಕಾಗಿಲ್ಲ.

ಸಂಬಳ ಡಬ್ಲ್ಯುಪಿಎಸ್ ಅನ್ನುವ, ಸರಕಾರದ ದಾಖಲೆಗೆ ಸಿಗುವ ಸಂಬಳ ಪಾವತಿ ವ್ಯವಸ್ಥೆಯ ಮೂಲಕವೇ ಬರಬೇಕು. ಕೈಗೆ ನಗದು ಕೊಟ್ಟು ಸಹಿ ಹಾಕಿಸಿಕೊಳ್ಳುವುದಕ್ಕೆ ಒಪ್ಪಬಾರದು, ಆಮೇಲೆ ಎಷ್ಟು ಕೊಟ್ಟರು ಅನ್ನುವುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಮೊದಲ ಸಂಬಳ ಕೈಗೆ ಬರಲು ಒಂದೂವರೆ ತಿಂಗಳಾದರೂ ಆಶ್ಚರ್ಯ ಇಲ್ಲ, ಊಟ ಅವನದ್ದೇ ಆದ್ದರಿಂದ 500 ದಿರ್ಹಮ್ ಆದರೂ ಜೊತೆಗೆ ಕಳಿಸಿ. ಆಮೇಲೆ ನಿಗದಿತ ದಿನ ಕಳೆದು 15 ದಿನವಾದರೂ ಬಾರದಿದ್ದರೆ ಮೊಹ್ರೆ ಆ್ಯಪ್‌ನಲ್ಲಿ ಅಥವಾ 80084 ನಂಬರಿಗೆ ಫೋನು ಮಾಡಿ ದೂರು ಕೊಡಬಹುದು. ಶುಲ್ಕ ಇಲ್ಲ. 50,000 ದಿರ್ಹಮ್ ವರೆಗಿನ ತಕರಾರನ್ನು ಸಚಿವಾಲಯವೇ ತೀರ್ಮಾನಿಸುತ್ತದೆ.

ಸಿಟ್ಟಿನಲ್ಲಿ ಕೆಲಸಕ್ಕೆ ಹೋಗದೆ ರೂಮಿನಲ್ಲಿ ಕೂರುವುದು ಮಾತ್ರ ಮಾಡಬಾರದು. ಸತತ 7 ದಿನಕ್ಕಿಂತ ಹೆಚ್ಚು ಕಾಣದಿದ್ದರೆ ಕಂಪನಿ ನಾಪತ್ತೆ ಅಂತ ದೂರು ಕೊಡಬಹುದು. ಆಗ ಸಂಬಳ ಬಾಕಿ ಇದ್ದವನೇ ತಪ್ಪಿತಸ್ಥನಾಗುತ್ತಾನೆ. ದೂರು ಕೊಟ್ಟ ಮೇಲೂ ಹಾಜರಿ ಹಾಕುತ್ತಲೇ ಇರಬೇಕು, ದಿನಾ ಎಷ್ಟು ಗಂಟೆ ದುಡಿದ ಅಂತ ಒಂದು ಪುಸ್ತಕದಲ್ಲಿ ಬರೆದು, ಟೈಮ್‌ಶೀಟಿನ ಫೋಟೋ ತೆಗೆದು ನಿಮಗೆ ವಾಟ್ಸಾಪ್ ಮಾಡುತ್ತಿರಲಿ.

ನೀವು ಇಲ್ಲಿಂದ ಮಾಡಬಹುದಾದದ್ದು: ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ಮನೆಯವರೂ ದೂರು ಹಾಕಬಹುದು. ಯುಎಇಯೊಳಗಿನಿಂದ ಅವನು 800 46342ಕ್ಕೆ ಫೋನು ಮಾಡಿದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಸಿಗುತ್ತದೆ, ಉಚಿತ ಕರೆ. ಎಲ್ಲಿಗೆ ದೂರು ಕೊಟ್ಟರೂ ಮೊದಲು ಕೇಳುವುದು ಕಾಗದ. ಹಾಗಾಗಿ ಪಾಸ್‌ಪೋರ್ಟ್, ವಿಸಾ, ಮೊಹ್ರೆ ಆಫರ್, ಕಾಂಟ್ರಾಕ್ಟ್, ಏಜೆಂಟಿಗೆ ಹಣ ಕೊಟ್ಟ ರಶೀದಿ, ಆಮೇಲೆ ಎಮಿರೇಟ್ಸ್ ಐಡಿಯ ಎರಡೂ ಬದಿ, ಇವೆಲ್ಲದರ ಒಂದು ಪ್ರತಿ ನಿಮ್ಮ ಫೋನಿನಲ್ಲಿ, ಒಂದು ಮುದ್ರಿಸಿ ಮನೆಯ ಕಪಾಟಿನಲ್ಲಿ ಇರಲಿ. ಕ್ಯಾಂಪಿನ ವಿಳಾಸ ಮತ್ತು ಒಬ್ಬ ರೂಮ್‌ಮೇಟಿನ ನಂಬರನ್ನೂ ಅದರ ಜೊತೆ ಬರೆದಿಡಿ.